ಕಾಲೇಜಿಗೆ ಹೊರಟ ಮಗುವಿಗೆ ಒಂದು ಸಭೆ ಹುಡುಕುವಾಗ

ಪ್ರತಿ ವರ್ಷ ಕಾಲೇಜು ಶುರುವಾಗಿ ಮೂರ್ನಾಲ್ಕು ತಿಂಗಳಾದ ಮೇಲೆ ನನಗೆ ಒಂದೇ ಥರದ ಫೋನ್ ಕರೆಗಳು ಬರುತ್ತವೆ. ಕರೆ ಮಾಡುವವರು ಬೇರೆ ಬೇರೆ, ಮಾತು ಮಾತ್ರ ಅದೇ. "ಪಾಸ್ಟರ್, ಮಗ ಅಲ್ಲಿ ಚರ್ಚಿಗೆ ಹೋಗ್ತಾ ಇಲ್ಲ ಅನ್ಸುತ್ತೆ. ಕೇಳಿದ್ರೆ ಸರಿಯಾಗಿ ಹೇಳಲ್ಲ. ಅಲ್ಲಿ ಯಾವುದಾದ್ರೂ ಒಳ್ಳೇ ಸಭೆ ಗೊತ್ತಿದ್ರೆ ಹೇಳಿ." ಗೊತ್ತಿದ್ದರೆ ಖಂಡಿತ ಹೇಳುತ್ತೇನೆ. ಆದರೆ ಅಷ್ಟು ಹೊತ್ತಿಗೆ ಆ ಹುಡುಗನ ಭಾನುವಾರಗಳು ಬೇರೆ ಯಾವುದಕ್ಕೋ ಸೇರಿಹೋಗಿರುತ್ತವೆ. ಇದೇ ಕರೆ ಆರು ತಿಂಗಳು ಮೊದಲು ಬಂದಿದ್ದರೆ ಅಂತ ಪ್ರತಿ ಸಲ ಅನಿಸುತ್ತದೆ.

ಸಭಾಪಾಲಕನಾಗಿ ನಾನು ಎರಡೂ ಕಡೆ ಇದ್ದೆ. ಮಕ್ಕಳನ್ನು ದೂರಕ್ಕೆ ಕಳಿಸಿಕೊಡುವ ಸಭೆಯಲ್ಲಿ ಕೆಲವು ವರ್ಷ. ಹಾಸ್ಟೆಲ್‌ಗಳ ಪಕ್ಕದಲ್ಲೇ ಇದ್ದು, ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಸಭೆಯಲ್ಲಿ ಇನ್ನೂ ಜಾಸ್ತಿ ವರ್ಷ. ಎರಡನ್ನೂ ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಮಗುವಿಗೆ ಬರೀ ಒಂದು ಚರ್ಚಿನ ವಿಳಾಸ ಕೊಟ್ಟು ಕಳಿಸಿದರೆ ಸಾಲದು. ಅಲ್ಲಿರುವ ಯಾರಾದರೂ ಒಬ್ಬರ ಕೈಗೆ ಮಗುವನ್ನು ಒಪ್ಪಿಸಬೇಕು.

ಅಮೆರಿಕದಲ್ಲಿ ಲೈಫ್‌ವೇ ರಿಸರ್ಚ್ ಎಂಬ ಸಂಸ್ಥೆ 2019ರಲ್ಲಿ ಒಂದು ಸಮೀಕ್ಷೆ ಹೊರತಂದಿತು. ಹದಿಹರೆಯದಲ್ಲಿ ಒಂದು ವರ್ಷವಾದರೂ ತಪ್ಪದೆ ಚರ್ಚಿಗೆ ಹೋಗುತ್ತಿದ್ದವರಲ್ಲಿ ನೂರಕ್ಕೆ 66 ಮಂದಿ, 18ರಿಂದ 22ರ ವಯಸ್ಸಿನ ನಡುವೆ ಕಡೇಪಕ್ಷ ಒಂದು ವರ್ಷ ಬಿಟ್ಟಿದ್ದರು. ಕಾರಣ ಕೇಳಿದಾಗ ಜಾಸ್ತಿ ಜನ ಹೇಳಿದ್ದು ನಂಬಿಕೆಯ ವಿಷಯವನ್ನಲ್ಲ. ಕಾಲೇಜಿಗೆ ಅಂತ ಊರು ಬಿಟ್ಟೆ, ಅಲ್ಲಿಗೆ ನಿಂತುಹೋಯಿತು ಅಂದರು. ಹಾಗೆ ಹೇಳಿದವರು ಬಿಟ್ಟವರಲ್ಲಿ ನೂರಕ್ಕೆ 34. ಇದು ಒಂದು ದೇಶದ ಲೆಕ್ಕ ನಿಜ. ಆದರೆ ನಾನು ಕಂಡದ್ದೂ ಇದೇ. ದೇವರ ಮೇಲೆ ಸಿಟ್ಟು ಮಾಡಿಕೊಂಡು ಹೋದ ಮಕ್ಕಳು ಕಡಿಮೆ. ಮೊದಲ ಭಾನುವಾರ ದಾರಿ ಗೊತ್ತಾಗಲಿಲ್ಲ, ಎರಡನೇ ಭಾನುವಾರ ನಿದ್ದೆ, ಮೂರನೇ ವಾರ ಅಸೈನ್‌ಮೆಂಟ್. ಹಾಗೇ ಜಾರಿಹೋದವರು ಜಾಸ್ತಿ.

ಹಾಗಾದರೆ ಒಪ್ಪಿಸುವುದು ಅಂದರೇನು? ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆಯಿರಿ. ಅದು ಬರೀ ಹೆಸರುಗಳ ಪಟ್ಟಿ ಅಂತ ನಾವು ಬೇಗ ಓದಿ ಮುಗಿಸುತ್ತೇವೆ. ಆದರೆ ಅದರ ಮೊದಲ ಎರಡು ವಚನ ಒಬ್ಬ ಹೆಣ್ಣುಮಗಳ ಬಗ್ಗೆ. ಕೆಂಕ್ರೆಯ ಸಭೆಯ ಫೊಯಿಬೆ ದೂರದ ರೋಮಿಗೆ ಹೋಗುತ್ತಿದ್ದಾಳೆ. ಅವಳನ್ನು ಸೇರಿಸಿಕೊಳ್ಳಿ, ಅವಳಿಗೆ ಏನು ಬೇಕಾದರೂ ಸಹಾಯ ಮಾಡಿ, ಅವಳು ಎಷ್ಟೋ ಜನರಿಗೆ ನೆರವಾದವಳು ಅಂತ ಪೌಲ ಬರೆಯುತ್ತಾನೆ. ಅಪೊಲ್ಲೋಸ ಎಂಬ ಬೋಧಕನ ವಿಷಯದಲ್ಲೂ ಹಾಗೇ. ಅವನು ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅಲ್ಲಿನ ಶಿಷ್ಯರಿಗೆ ಪತ್ರ ಬರೆದರು. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದಲ್ಲಿ ಇದೆ. ಅಂಥ ದೊಡ್ಡ ವಿದ್ವಾಂಸನನ್ನೂ ಅವರು ಸುಮ್ನೆ ಕಳಿಸಲಿಲ್ಲ. ನಾವು ಹದಿನೆಂಟು ವರ್ಷದ ಮಗುವನ್ನು ಒಂದು ಗೂಗಲ್ ಮ್ಯಾಪ್ ಲಿಂಕ್ ಕೊಟ್ಟು ಕಳಿಸುತ್ತೇವೆ, ಅಲ್ವಾ?

ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಇಂಥದ್ದೇ ಒಂದು ಪತ್ರ ಕೇಳಿ. ಸದಸ್ಯತ್ವದ ವರ್ಗಾವಣೆ ಪತ್ರ ಬೇರೆ, ಅದು ದಫ್ತರದ ಕಾಗದ. ನಾನು ಹೇಳುತ್ತಿರುವುದು ಎಂಟು ಹತ್ತು ಸಾಲಿನ ಆತ್ಮೀಯ ಪತ್ರ. ಈ ಮಗಳು ಇಂಥವಳು, ಭಾನುವಾರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದಳು, ಮಾತು ಸ್ವಲ್ಪ ಕಡಿಮೆ, ತಾನಾಗಿ ಬಂದು ಪರಿಚಯ ಮಾಡಿಕೊಳ್ಳುವುದಿಲ್ಲ, ನೀವೇ ಮಾತಾಡಿಸಿ. ಇಷ್ಟು ಸಾಕು. ನನಗೆ ಇಂಥ ಪತ್ರ ಬಂದಾಗ ಆ ಭಾನುವಾರ ನಾನು ಬಾಗಿಲ ಹತ್ತಿರ ನಿಂತು ಕಾಯುತ್ತೇನೆ. ಪತ್ರ ಕಳಿಸುವ ಮೊದಲು ಮಗುವಿಗೆ ತೋರಿಸಿ, ಅದರ ಒಪ್ಪಿಗೆ ಪಡೆಯಿರಿ. ಬೆನ್ನ ಹಿಂದೆ ಮಾಡಿದ ಏರ್ಪಾಟು ಅಂತ ತಿಳಿದರೆ ಮಕ್ಕಳು ಆ ಬಾಗಿಲ ಕಡೆ ತಲೆ ಹಾಕುವುದಿಲ್ಲ.

ಈಗ ಯಾವ ಸಭೆ ಅನ್ನುವ ಪ್ರಶ್ನೆ. ಇದನ್ನು ಕಾಲೇಜು ಆರಿಸುವಾಗಲೇ ಕೇಳಬೇಕು. ಹಾಸ್ಟೆಲ್ ಹೇಗಿದೆ, ಲ್ಯಾಬ್ ಹೇಗಿದೆ ಅಂತ ನೋಡಲು ಹೋದ ದಿನವೇ ಅಲ್ಲಿನ ಒಂದೆರಡು ಸಭೆಗಳನ್ನೂ ನೋಡಿ ಬನ್ನಿ. ಆಗುವುದಾದರೆ ಶನಿವಾರ ಹೋಗಿ ಭಾನುವಾರ ಆರಾಧನೆಗೆ ಕೂತು ಬನ್ನಿ. ದೂರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಬಸ್ಸು ಬದಲಿಸಿ ಹೋಗಬೇಕಾದ ಅತ್ಯುತ್ತಮ ಸಭೆಗಿಂತ, ನಡೆದು ಹೋಗಬಹುದಾದ ಒಳ್ಳೆಯ ಸಭೆ ಪರೀಕ್ಷೆಯ ವಾರದಲ್ಲಿ ಮಗುವನ್ನು ಹಿಡಿದಿಡುತ್ತದೆ.

ಪಂಗಡದ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಮಗು ಬೆಳೆದ ಪಂಗಡದಿಂದಲೇ ಹುಡುಕಲು ಶುರು ಮಾಡಿ, ಬೋರ್ಡು ನೋಡಿ ಅಲ್ಲೇ ನಿಲ್ಲಬೇಡಿ. ಬೇರೆ ಕಡೆ ಹೋಗುವುದಾದರೆ ವ್ಯತ್ಯಾಸಗಳನ್ನು ಮಗುವಿಗೆ ಮೊದಲೇ ತಿಳಿಸಿ. ಕೆಲವು ಸಭೆಗಳು ಶಿಶು ದೀಕ್ಷಾಸ್ನಾನವನ್ನು (ಕೂಸುಗಳಿಗೆ ಕೊಡುವ ಬ್ಯಾಪ್ಟಿಸಮ್) ಒಪ್ಪುತ್ತವೆ, ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಮತ್ತು ಬ್ರದರನ್ ಸಭೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಹೊರಗಿನವರಿಗೆ ಸಾಮಾನ್ಯವಾಗಿ ಪ್ರಭುಭೋಜನ (ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ) ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಹೋಗಿ, ಎಲ್ಲರ ಮುಂದೆ ಮುಜುಗರಪಟ್ಟು, ಮತ್ತೆ ಯಾವ ಚರ್ಚಿಗೂ ಹೋಗದ ಒಬ್ಬ ಹುಡುಗನನ್ನು ಬಲ್ಲೆ.

ಪ್ರಸಂಗ, ಅಂದರೆ ಆರಾಧನೆಯಲ್ಲಿ ಕೊಡುವ ಬೋಧನೆ, ಹೇಗಿದೆ ಅಂತ ತಿಳಿಯಲು ಒಂದು ವಿಡಿಯೋ ನೋಡಿದರೆ ಸಾಲದು. ಸಭೆಗಳು ಹಬ್ಬದ ದಿನದ್ದನ್ನೋ ಅತಿಥಿ ಬೋಧಕರದ್ದನ್ನೋ ಮುಂದಿಡುತ್ತವೆ. ಯಾವುದೋ ಸಾಮಾನ್ಯ ತಿಂಗಳ ನಾಲ್ಕು ವಾರದ ಪ್ರಸಂಗಗಳನ್ನು ಮಗುವಿನ ಜೊತೆ ಕೂತು ಕೇಳಿ. ಸತ್ಯವೇದದ ಭಾಗವನ್ನು ತೆರೆದು ಅದರೊಳಗೆ ಹೋಗುತ್ತಾರಾ, ಅಥವಾ ಒಂದು ವಚನ ಓದಿ ಪುಸ್ತಕ ಮುಚ್ಚಿಬಿಡುತ್ತಾರಾ? ಯೇಸುವಿನ ಶಿಲುಬೆ, ಪುನರುತ್ಥಾನ ಮಾತಿನ ನಡುವೆ ಬರುತ್ತದಾ? ಬೆರೋಯ ಎಂಬ ಊರಿನವರು ಪೌಲ ಹೇಳಿದ್ದನ್ನೇ ಪ್ರತಿದಿನ ಶಾಸ್ತ್ರದಲ್ಲಿ ಹುಡುಕಿ ಪರೀಕ್ಷಿಸಿದರು. ಅದಕ್ಕೆ ಅವರನ್ನು ಹೊಗಳಲಾಗಿದೆ, ಬೈದಿಲ್ಲ. ಪರೀಕ್ಷಿಸುವ ಮಗುವನ್ನು ಬೈಯದ ಸಭೆ ಬೇಕು. ಹಾಡು, ವಾದ್ಯ, ಬೆಳಕಿನ ವಿಷಯ ನಾನು ಮಾತಾಡುವುದಿಲ್ಲ. ಅದು ಅಭಿರುಚಿ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಇದನ್ನು ನಾನು ನನ್ನ ಮಗಳಿಂದ ಕಲಿತೆ. ಅವಳು ಕಾಲೇಜಿಗೆ ಹೋದಾಗ ನಾನೇ ಪ್ರಸಂಗಗಳನ್ನು ಕೇಳಿ ಒಂದು ದೊಡ್ಡ ಸಭೆ ಆರಿಸಿಕೊಟ್ಟೆ. ಬೋಧನೆ ಬಹಳ ಚೆನ್ನಾಗಿತ್ತು. ಪತ್ರ ಬರೆಯಲಿಲ್ಲ. ಪಾಸ್ಟರ್ ಮಗಳಲ್ವಾ, ಅವಳಿಗೆ ಎಲ್ಲ ಗೊತ್ತು ಅಂದುಕೊಂಡೆ. ಐದು ವಾರ ಹೋದಳು. ಐದು ವಾರವೂ ಯಾರೂ ಅವಳ ಹೆಸರು ಕೇಳಲಿಲ್ಲ. ಆರನೇ ವಾರ ಹೋಗಲಿಲ್ಲ. ಅದು ಯಾರಿಗೂ ಗೊತ್ತಾಗಲೂ ಇಲ್ಲ. ತಿಂಗಳುಗಳ ನಂತರ ಗೆಳತಿಯೊಬ್ಬಳ ಜೊತೆ ಒಂದು ಸಣ್ಣ ಸಭೆಗೆ ಹೋದಳು. ಪ್ರಸಂಗ ಸಾಧಾರಣ ಅಂತ ಅವಳೇ ಹೇಳಿದಳು. ಆದರೆ ಆರಾಧನೆ ಮುಗಿದ ಮೇಲೆ ಒಬ್ಬ ವಯಸ್ಸಾದ ತಾಯಿ ಬಂದು ಪಕ್ಕದಲ್ಲಿ ಕೂತು, "ಯಾವ ಕ್ಲಾಸಮ್ಮ? ಮುಂದಿನ ವಾರ ನನ್ನ ಪಕ್ಕಾನೇ ಕೂತ್ಕೋ" ಅಂದರಂತೆ. ಒಂದು ವಾರ ಜ್ವರ ಬಂದು ಹೋಗದಿದ್ದಾಗ ಆ ತಾಯಿ ಫೋನ್ ಮಾಡಿದರು. ಮಗಳು ನಾಲ್ಕು ವರ್ಷ ಅಲ್ಲೇ ಉಳಿದಳು.

ಹಾಗಾಗಿ ಈಗ ನಾನು ಸಭೆಗೆ ಹೋದಾಗ ಮೊದಲು ಸುತ್ತಲೂ ನೋಡುತ್ತೇನೆ. ಮುದುಕರು ಇದ್ದಾರಾ? ಅಳುವ ಮಗು ಇದೆಯಾ? ಆರಾಧನೆ ಮುಗಿದ ಮೇಲೆ ಜನ ನಿಲ್ಲುತ್ತಾರಾ, ಕಾರಿನ ಕಡೆ ಓಡುತ್ತಾರಾ? ಹಾಸ್ಟೆಲ್‌ನಲ್ಲಿ ಮಗು ವಾರವಿಡೀ ತನ್ನ ವಯಸ್ಸಿನವರ ಮುಖವನ್ನೇ ನೋಡುತ್ತದೆ. ಅಜ್ಜಿ, ಕೂಸು, ಕೆಲಸ ಕಳೆದುಕೊಂಡ ಅಂಕಲ್, ಗಂಡನನ್ನು ಕಳೆದುಕೊಂಡ ಆಂಟಿ, ಇವರ ನಡುವೆ ಕೂರುವ ಒಂದೇ ಜಾಗ ಸಭೆ. ತನ್ನ ಜೊತೆಗಾರ ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಪೌಲ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ನೆನೆಯುತ್ತಾನಲ್ಲ. ಮನೆಯಿಂದ ದೂರ ಇರುವ ಮಗುವಿಗೂ ಒಬ್ಬ ಲೋವಿ ಬೇಕು.

ಇದೇ ಕಾರಣಕ್ಕೆ, ಕ್ಯಾಂಪಸ್ಸಿನ ವಿದ್ಯಾರ್ಥಿ ಫೆಲೋಶಿಪ್ ಸಭೆಯ ಜಾಗ ತುಂಬುವುದಿಲ್ಲ. ಆ ಗುಂಪುಗಳ ಬಗ್ಗೆ ನನಗೆ ತುಂಬಾ ಗೌರವವಿದೆ. 1895ರಲ್ಲಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ಶುರುವಾಯಿತು. 1947ರಲ್ಲಿ ಹಲವು ದೇಶಗಳ ಇವ್ಯಾಂಜೆಲಿಕಲ್ ವಿದ್ಯಾರ್ಥಿ ಸಂಘಗಳು ಸೇರಿ ಐಎಫ್‌ಇಎಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಎಷ್ಟೋ ಮಕ್ಕಳು ಮೊದಲ ಸಲ ಸ್ವಂತವಾಗಿ ಸತ್ಯವೇದ ಓದಲು ಕಲಿತದ್ದು ಇಂಥ ಗುಂಪುಗಳಲ್ಲೇ. ಆದರೆ ಅಲ್ಲಿ ಎಲ್ಲರೂ ಮೂರ್ನಾಲ್ಕು ವರ್ಷದಲ್ಲಿ ಹೋಗಿಬಿಡುವವರು. ಸಾಮಾನ್ಯವಾಗಿ ಅಲ್ಲಿ ದೀಕ್ಷಾಸ್ನಾನವಿಲ್ಲ, ಪ್ರಭುಭೋಜನವಿಲ್ಲ, ಹಿರಿಯರಿಲ್ಲ. ಒಳ್ಳೆಯ ಫೆಲೋಶಿಪ್ ತಾನೇ ಮಕ್ಕಳನ್ನು ಒಂದು ಸಭೆಗೆ ಸೇರಿಸುತ್ತದೆ. ಭಾನುವಾರ ಬೆಳಿಗ್ಗೆ ಸಭೆಗೆ ಹೋಗಬೇಡ, ನಮ್ಮಲ್ಲಿಗೇ ಬಾ ಅನ್ನುವ ಗುಂಪು ಕಂಡರೆ ವಿಚಾರಿಸಿ.

ಇನ್ನು ಎಚ್ಚರ ಇರಬೇಕಾದ ಗುಂಪುಗಳು. ಒಂಟಿಯಾಗಿರುವ ಹೊಸ ವಿದ್ಯಾರ್ಥಿಯನ್ನು ಇವರು ಮೊದಲ ವಾರದಲ್ಲೇ ಗುರುತಿಸುತ್ತಾರೆ. ಶುರುವಿನಲ್ಲಿ ಪ್ರೀತಿ ಹೊಳೆಯಂತೆ ಹರಿಯುತ್ತದೆ. ದಿನಾ ಮೆಸೇಜು, ದಿನಾ ಭೇಟಿ. ಗುಂಪಿನ ಹೆಸರು ಕೇಳಿದರೆ ಹೇಳುವುದಿಲ್ಲ, "ಸುಮ್ನೆ ಬೈಬಲ್ ಸ್ಟಡಿ" ಅನ್ನುತ್ತಾರೆ. ಮನೆಯವರಿಗೆ ಈಗಲೇ ಹೇಳಬೇಡ, ಅವರಿಗೆ ಅರ್ಥವಾಗಲ್ಲ ಅನ್ನುತ್ತಾರೆ. ನಮ್ಮ ಗುಂಪಿನ ಹೊರಗೆ ರಕ್ಷಣೆ ಇಲ್ಲ ಅನ್ನುವ ಮಾತು ಆಮೇಲೆ ಬರುತ್ತದೆ. ಕೊನೆಗೆ ಯಾರ ಜೊತೆ ಸ್ನೇಹ ಮಾಡಬೇಕು, ಯಾವ ಕೋರ್ಸ್ ಬಿಡಬೇಕು ಅನ್ನುವುದನ್ನೂ ನಾಯಕನೇ ಹೇಳುತ್ತಾನೆ. ಅಪೊಸ್ತಲ ಪೇತ್ರ ತನ್ನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಹಿರಿಯರಿಗೆ ಹೇಳಿದ್ದು ಇದರ ವಿರುದ್ಧವೇ. ಮಂದೆಯ ಮೇಲೆ ದೊರೆತನ ಮಾಡಬೇಡಿ, ಅವರಿಗೆ ಮಾದರಿಯಾಗಿರಿ ಅಂತ. ಹಣದ ವಿಷಯವನ್ನೂ ನೋಡಿ. ಯೆರೂಸಲೇಮಿನ ಬಡವರಿಗೆ ಕಾಣಿಕೆ ಒಯ್ಯುವಾಗ ಪೌಲನಂಥವನೇ ಒಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ಯಾರೂ ಬೆರಳು ತೋರಿಸಬಾರದು ಅಂತ. ಲೆಕ್ಕ ಕೇಳಿದರೆ ನಿನ್ನ ನಂಬಿಕೆ ಕಡಿಮೆ ಅನ್ನುವ ಕಡೆ ನಿಮ್ಮ ಮಗು ಇರಬಾರದು. ಈ ಗುರುತುಗಳನ್ನು ಮನೆಯಲ್ಲೇ, ಹೋಗುವ ಮೊದಲೇ, ಹೆದರಿಸದೆ ಹೇಳಿಕೊಡಿ.

ಮಗು ಹೋದ ಮೇಲೆ ನಾಲ್ಕರಿಂದ ಆರು ಭಾನುವಾರ ಎರಡು ಮೂರು ಸಭೆ ನೋಡಲಿ. ಆಮೇಲೆ ಒಂದನ್ನು ಹಿಡಿಯಲಿ. ಒಂದೇ ಕಡೆ ಹೋಗದೆ ಸುತ್ತುತ್ತಾ ಇದ್ದರೆ ಯಾರಿಗೂ ಅವರ ಹೆಸರು ನೆನಪಿರುವುದಿಲ್ಲ. ಹಿಡಿದ ಕೂಡಲೇ ಒಂದು ಸಣ್ಣ ಕೆಲಸ ಕೇಳಿ ತೆಗೆದುಕೊಳ್ಳಲು ಹೇಳಿ. ಕುರ್ಚಿ ಜೋಡಿಸುವುದು, ಮೈಕ್ ನೋಡಿಕೊಳ್ಳುವುದು, ಭಾನುವಾರ ಶಾಲೆ, ಯಾವುದಾದರೂ ಸರಿ. ಕುರ್ಚಿ ಜೋಡಿಸುವ ಹುಡುಗ ಬರದಿದ್ದರೆ ಹತ್ತು ಜನಕ್ಕೆ ಗೊತ್ತಾಗುತ್ತದೆ.

ನಿಮ್ಮ ಫೋನ್ ಕರೆಯ ಬಗ್ಗೆಯೂ ಒಂದು ಮಾತು. "ಚರ್ಚಿಗೆ ಹೋದ್ಯಾ?" ಅಂತ ಕೇಳಬೇಡಿ. ಅದಕ್ಕೆ ಹೌದು ಅನ್ನುವುದು ಬಹಳ ಸುಲಭ, ಎರಡು ಸಲ ಸುಳ್ಳು ಹೇಳಿದ ಮೇಲೆ ಮೂರನೆಯದು ಇನ್ನೂ ಸುಲಭ. ಇವತ್ತು ಯಾರ ಪಕ್ಕ ಕೂತಿದ್ದೆ, ಯಾವ ಭಾಗ ಓದಿದರು, ನಮ್ಮಲ್ಲಿ ಇವತ್ತು ಇಂಥ ಹಾಡು ಹಾಡಿದ್ವಿ, ನಿನ್ನ ನೆನಪಾಯ್ತು. ಹೀಗೆ ಮಾತಾಡಿ. ಹೋಗಲಿಲ್ಲ ಅಂದರೆ ಆ ಹೊತ್ತಿಗೆ ಸುಮ್ಮನೆ ಕೇಳಿಸಿಕೊಳ್ಳಿ. ನಿಜ ಹೇಳಿದ ಮಗು ಇನ್ನೂ ನಿಮ್ಮ ಹತ್ತಿರವೇ ಇದೆ.

"ನನಗೆ ಈಗ ನಂಬಿಕೇನೇ ಇಲ್ಲ, ಯಾಕೆ ಹೋಗ್ಲಿ?" ಅಂತ ಕೇಳುವ ಮಕ್ಕಳೂ ಇದ್ದಾರೆ. ಅವರಿಗೆ ನಾನು ಯೇಸುವಿನ ಶಿಷ್ಯ ತೋಮನ ಕಥೆ ಹೇಳುತ್ತೇನೆ. ಯೇಸು ಸತ್ತು ಎದ್ದ ಮೇಲೆ, ನಾವು ಕರ್ತನನ್ನು ಕಂಡೆವು ಅಂತ ಉಳಿದ ಶಿಷ್ಯರು ಹೇಳಿದಾಗ ಅವನು ನಂಬಲಿಲ್ಲ. ನಂಬುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದ. ಆದರೂ ಎಂಟು ದಿನದ ಮೇಲೆ ಅದೇ ಶಿಷ್ಯರ ಜೊತೆ ಮನೆಯೊಳಗೆ ಇದ್ದ. ಅವರೂ ಅವನನ್ನು ಹೊರಗೆ ಹಾಕಿರಲಿಲ್ಲ. ಸಂದೇಹ ಇಟ್ಟುಕೊಂಡೇ ಬಾ, ಪ್ರಶ್ನೆ ತೆಗೆದುಕೊಂಡೇ ಬಾ ಅಂತ ಆ ಮಕ್ಕಳಿಗೆ ಹೇಳುತ್ತೇನೆ. ಅಂಥ ಒಬ್ಬ ಹುಡುಗ ಈಗ ನಮ್ಮ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಹಾಡುವುದಿಲ್ಲ, ಪ್ರಭುಭೋಜನಕ್ಕೆ ಏಳುವುದಿಲ್ಲ. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿ ಹೋಗುತ್ತಾನೆ. ಕಳೆದ ವಾರ ಕೇಳಿದ್ದಕ್ಕೆ ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ. ಈ ಭಾನುವಾರ ಅವನು ಬರುತ್ತಾನೆ.