ಟೆಸ್ಟ್ ನಿಧಾನವಾದರೆ ಅದು ನಿಂತಿರುವ ಜಾಗ ನೋಡಿ

ಕೋಡ್ ಸರಿಯಾಗಿದೆಯೇ ಎಂದು ಪರೀಕ್ಷಿಸುವ, ಒಂದು ನಿಮಿಷದೊಳಗೆ ಮುಗಿಯುತ್ತಿದ್ದ ಟೆಸ್ಟ್‌ಗಳಿಗೆ ಈಗ ಏಳೆಂಟು ನಿಮಿಷ ಹಿಡಿಯುತ್ತಿದೆ ಎಂದು ಸಹೋದ್ಯೋಗಿಯೊಬ್ಬರು ನನ್ನ ಬಳಿ ಬಂದರು. ಆ ವಾರ ಸೇರಿಸಿದ ಕೋಡ್ ಮೇಲೆ ಅವರಿಗೆ ಅನುಮಾನ. ಎರಡು ದಿನ ಅದನ್ನೇ ಜಾಲಾಡಿದ್ದರು. ನಿಧಾನವಾದ ಟೆಸ್ಟ್‌ಗಳಲ್ಲಿ ಒಂದನ್ನು ಆರಿಸಿ ಅದೊಂದನ್ನೇ ಓಡಿಸಿ ನೋಡಿ ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಒಂಟಿಯಾಗಿ ವೇಗ, ಸಾಲಿನಲ್ಲಿ ನಿಧಾನ. ಈ ಲಕ್ಷಣ ಕಂಡರೆ ನಾನು ಆ ಟೆಸ್ಟನ್ನು ಬಿಟ್ಟು ಅದಕ್ಕಿಂತ ಮೊದಲು ಓಡಿದವುಗಳನ್ನು ಹುಡುಕುತ್ತೇನೆ. ಆದೇಶಗಳನ್ನು ಓಡಿಸುವ ಬ್ಯಾಷ್ ಎಂಬ ಶೆಲ್‌ನ ‘ಟೈಮ್’ ಮೂರು ಅಂಕಿಗಳನ್ನು ಕೊಡುತ್ತದೆ: ಗಡಿಯಾರದ ಪ್ರಕಾರ ಕಳೆದ ಹೊತ್ತು ಒಂದು, ಪ್ರೊಸೆಸರ್ ನಿಜವಾಗಿ ದುಡಿದ ಹೊತ್ತು ಎರಡು. ನಮ್ಮಲ್ಲಿ ಮೊದಲನೆಯದು ಬೆಟ್ಟದಷ್ಟು, ಉಳಿದೆರಡು ಅತ್ಯಲ್ಪ. ಅಂದರೆ ಪ್ರೋಗ್ರಾಂ ಲೆಕ್ಕ ಮಾಡುತ್ತಿರಲಿಲ್ಲ, ಕಾಯುತ್ತಿತ್ತು. ಪ್ರತಿ ಟೆಸ್ಟ್‌ನ ಆರಂಭದಲ್ಲಿ ವರ್ಕಿಂಗ್ ಡೈರೆಕ್ಟರಿಯನ್ನು, ಅಂದರೆ ಪ್ರೋಗ್ರಾಂ ಆಗ ನಿಂತಿರುವ ಫೋಲ್ಡರನ್ನು, ಮುದ್ರಿಸುವ ಒಂದು ಸಾಲು ಸೇರಿಸಿದೆವು. ಹನ್ನೆರಡನೆಯ ಟೆಸ್ಟ್ ಮುಗಿದ ಮೇಲೆ ವಿಳಾಸವೇ ಬದಲಾಗಿತ್ತು.

ವರದಿಯ ಕಡತ ಡೌನ್‌ಲೋಡ್ ಫೋಲ್ಡರಿಗೆ ಬಂದಿದೆಯೇ ಎಂದು ನೋಡಲು ಆ ಟೆಸ್ಟ್, ಫೋಲ್ಡರ್ ಬದಲಿಸುವ ‘ಸಿಡಿ’ ಆದೇಶದಿಂದ ಅಲ್ಲಿಗೆ ಹೋಗಿತ್ತು. ಮರಳಿರಲಿಲ್ಲ. ಎಲ್ಲ ಟೆಸ್ಟ್‌ಗಳೂ ಒಂದೇ ಶೆಲ್‌ನಲ್ಲಿ ಓಡುತ್ತಿದ್ದುದರಿಂದ ಮುಂದಿನವೆಲ್ಲ ಅಲ್ಲಿಯೇ ನಿಂತು ಕೆಲಸ ಮಾಡಿದವು. ಕಡತಗಳಿಗೆ ಪೂರ್ಣ ವಿಳಾಸ ಕೊಟ್ಟಿದ್ದರಿಂದ ಒಂದೂ ವಿಫಲವಾಗಲಿಲ್ಲ. ತಪ್ಪು ಫಲಿತಾಂಶ ಬಂದಿದ್ದರೆ ಅದೇ ದಿನ ಸಿಕ್ಕಿಬೀಳುತ್ತಿತ್ತು.

ಆ ಜಾಗವೇಕೆ ನಿಧಾನ? ಅವರದು ವಿಂಡೋಸ್ ಕಂಪ್ಯೂಟರ್. ಟೆಸ್ಟ್ ಓಡುತ್ತಿದ್ದುದು ಅದರೊಳಗೇ ಲಿನಕ್ಸ್ ಓಡಿಸಲು ಬಿಡುವ ಡಬ್ಲ್ಯೂಎಸ್ಎಲ್ 2ರ ಲಿನಕ್ಸ್‌ನಲ್ಲಿ. ಲಿನಕ್ಸ್‌ನ ಸ್ವಂತ ಕಡತಗಳು ಅದರದೇ ವರ್ಚುವಲ್ ಡಿಸ್ಕ್‌ನಲ್ಲಿರುತ್ತವೆ. ವಿಂಡೋಸ್‌ನ ಸಿ ಡ್ರೈವ್, ಅಂದರೆ ಆ ಡೌನ್‌ಲೋಡ್ ಫೋಲ್ಡರ್ ಇದ್ದ ಕಡೆ, ಮುಟ್ಟಬೇಕಾದರೆ ಮಾತ್ರ ‘9ಪಿ’ ಎಂಬ ಪ್ರೋಟೊಕಾಲ್ ಮೂಲಕ ಗಡಿ ದಾಟಬೇಕು. ಕಡತ ಇದೆಯೇ ಎಂದು ಕೇಳುವುದಕ್ಕೂ ಒಂದು ಸಲ ಹೋಗಿ ಬರಬೇಕು. ಲಿನಕ್ಸ್ ಸಾಧನ ಬಳಸುವವರು ಕಡತಗಳನ್ನೂ ಲಿನಕ್ಸ್ ಕಡೆಯೇ ಇಡಬೇಕೆಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ.

ಇದನ್ನು ಹಲವು ಪಟ್ಟು ಹೆಚ್ಚಿಸಿದ್ದು ಪೈಥಾನ್. ‘-ಎಂ’ ಆಯ್ಕೆಯಿಂದ ಮಾಡ್ಯೂಲ್ (ಕೋಡ್‌ನ ಕಡತ) ಓಡಿಸಿದಾಗ, ಮಾಡ್ಯೂಲ್ ಹುಡುಕುವ ಜಾಗಗಳ ಪಟ್ಟಿಯಲ್ಲಿ ವರ್ಕಿಂಗ್ ಡೈರೆಕ್ಟರಿಗೇ ಮೊದಲ ಸ್ಥಾನ. ಪೈಥಾನ್ ಜೊತೆಯಲ್ಲೇ ಬರುವ ‘ಜೇಸನ್’ ಮಾಡ್ಯೂಲ್ ಬೇಕೆಂದರೂ ಮೊದಲು ಅಲ್ಲಿ ಹುಡುಕುತ್ತದೆ. ಡೈರೆಕ್ಟರಿಯಲ್ಲಿ ಏನೇನಿದೆ ಎಂಬುದನ್ನು ಅದು ನೆನಪಿಡುತ್ತದೆ ನಿಜ. ಆದರೆ ಡೈರೆಕ್ಟರಿ ಬದಲಾಗಿದ್ದು ಕಂಡರೆ ಮತ್ತೆ ಓದುತ್ತದೆ. ನಮ್ಮ ಟೆಸ್ಟ್‌ಗಳು ತಾತ್ಕಾಲಿಕ ಕಡತಗಳನ್ನು ಅಲ್ಲೇ ಸೃಷ್ಟಿಸುತ್ತಿದ್ದವು. ಮೇಲಾಗಿ ಪ್ರತಿ ಟೆಸ್ಟ್‌ಗೂ ಹೊಸ ಪೈಥಾನ್, ಹಾಗಾಗಿ ಹಳೆಯ ನೆನಪೂ ಇಲ್ಲ. ವರ್ಷಗಟ್ಟಲೆ ತುಂಬಿದ್ದ ಆ ಫೋಲ್ಡರನ್ನು ಗಡಿಯಾಚೆಯಿಂದ ಎಷ್ಟು ಸಲ ಓದಿತೋ! ಪೈಥಾನ್ 3.11ರಿಂದ ದೊಡ್ಡಕ್ಷರದ ‘-ಪಿ’ ಆಯ್ಕೆ ಈ ಹುಡುಕಾಟವನ್ನು ತಡೆಯುತ್ತದೆ. ಆದರೆ ಮೂಲ ತಪ್ಪು ಉಳಿಯುತ್ತದೆ.

ಟೆಸ್ಟ್‌ನ ಕೊನೆಯಲ್ಲಿ ಹಿಂತಿರುಗುವ ‘ಸಿಡಿ’ ಬರೆದರೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟೆಸ್ಟ್ ನಡುವೆಯೇ ಮುರಿದುಬಿದ್ದರೆ ಆ ಸಾಲು ಓಡುವುದೇ ಇಲ್ಲ. ‘ಸಿಡಿ’ಯನ್ನೂ ಅದರ ನಂತರದ ಕೆಲಸವನ್ನೂ ದುಂಡು ಆವರಣದೊಳಗೆ ಇಟ್ಟರೆ ಬ್ಯಾಷ್ ಅದನ್ನು ಉಪಶೆಲ್‌ನಲ್ಲಿ ಓಡಿಸುತ್ತದೆ, ಮುಖ್ಯ ಶೆಲ್ ಕದಲುವುದಿಲ್ಲ. ಗಿಟ್ ಮತ್ತು ಮೇಕ್‌ಗೆ ಬೇರೆ ಫೋಲ್ಡರಿನಲ್ಲಿ ಕೆಲಸ ಮಾಡಿಸುವ ದೊಡ್ಡಕ್ಷರದ ‘-ಸಿ’ ಆಯ್ಕೆ ಇರುವುದರಿಂದ ‘ಸಿಡಿ’ಯೇ ಬೇಡ. ಪೈಥಾನ್ ಟೆಸ್ಟ್ ಓಡಿಸುವ ಪೈಟೆಸ್ಟ್ ಬಳಸುವವರಿಗೆ ‘ಮಂಕಿಪ್ಯಾಚ್’ನ ‘ಸಿಎಚ್‌ಡಿರ್’ ಇದೆ. ಟೆಸ್ಟ್ ಗೆದ್ದರೂ ಸೋತರೂ ಹಳೆಯ ಜಾಗಕ್ಕೆ ಮರಳಿಸುತ್ತದೆ. ಒಂದು ಎಚ್ಚರಿಕೆ: ವರ್ಕಿಂಗ್ ಡೈರೆಕ್ಟರಿ ಇಡೀ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಸೇರಿದ್ದು. ಅದರೊಳಗೆ ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳಲ್ಲಿ ಟೆಸ್ಟ್ ಓಡಿಸಿದರೆ ಒಂದು ಕದಲಿದಾಗ ಎಲ್ಲವೂ ಕದಲುತ್ತವೆ.

ಸಹೋದ್ಯೋಗಿ ಆವರಣ ಹಾಕಿದ ಮೇಲೆ ಟೆಸ್ಟ್‌ಗಳು ಮೊದಲಿನ ವೇಗಕ್ಕೆ ಬಂದವು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಟೆಸ್ಟ್‌ನ ಮುಂಚೆ ಮತ್ತು ನಂತರ ಡೈರೆಕ್ಟರಿಯನ್ನು ಹೋಲಿಸಿ, ಬೇರೆಯಾಗಿದ್ದರೆ ಟೆಸ್ಟ್ ವಿಫಲವೆಂದು ಘೋಷಿಸುವ ನಾಲ್ಕು ಸಾಲು ಸೇರಿಸಿದರು. ಮೊದಲ ಓಟದಲ್ಲೇ ಇನ್ನೆರಡು ಟೆಸ್ಟ್‌ಗಳು ಸಿಕ್ಕಿಬಿದ್ದವು.