ಬಿಎಂಟಿಸಿ ಪಾಸು, ಕೆಎಸ್‌ಆರ್‌ಟಿಸಿ ಬಸ್ಸು

"ಸರ್, ಕೀ ಹಾಕಿದ್ದೀನಿ. ಆದ್ರೂ ಆಗ್ತಿಲ್ಲ."

ವಾರಕ್ಕೆ ಮೂರ್ನಾಲ್ಕು ಸಲ ಈ ಫೋನ್ ಬರುತ್ತದೆ. ಊರು ಬೇರೆ, ದನಿ ಬೇರೆ, ಮಾತು ಮಾತ್ರ ಇದೇ. ನಾನು ಸಣ್ಣ ವ್ಯಾಪಾರಿಗಳಿಗೆ, ಆಡಿಟರ್ ಆಫೀಸುಗಳಿಗೆ, ಒಂದೆರಡು ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಎಐ ಏಜೆಂಟ್ ಕೂರಿಸಿಕೊಡುತ್ತೇನೆ. ಬಂದ ಮೇಲ್ ವಿಂಗಡಿಸುವುದು, ಬಿಲ್ಲಿನ ಪಿಡಿಎಫ್‌ನಿಂದ ಅಂಕಿ ತೆಗೆದು ಎಕ್ಸೆಲ್‌ಗೆ ತುಂಬುವುದು, ಇಂಥ ಕೆಲಸಗಳಿಗೆ. ಏಜೆಂಟ್ ಅಂದರೇನು ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಇದನ್ನು ಓದುತ್ತಿದ್ದೀರಿ ಅಂದರೆ ಆಗಲೇ ಒಂದನ್ನು ಇನ್‌ಸ್ಟಾಲ್ ಮಾಡಿ ಸುಸ್ತಾಗಿದ್ದೀರಿ ಅಂದುಕೊಳ್ಳುತ್ತೇನೆ.

ಏಜೆಂಟ್‌ಗೆ ಸ್ವಂತ ಬುದ್ಧಿ ಇಲ್ಲ. ಯಾವುದೋ ಕಂಪನಿಯ ಮಾಡೆಲ್‌ನಿಂದ, ಅಂದರೆ ಚಾಟ್‌ಜಿಪಿಟಿಯಂಥದ್ದರ ಒಳಗಿರುವ ಮೆದುಳಿನಿಂದ, ಕಡ ತರಬೇಕು. ತರುವುದಕ್ಕೆ ಮೂರು ವಿಷಯ ಗೊತ್ತಿರಬೇಕು: ಎಲ್ಲಿಗೆ ಹೋಗಬೇಕು, ಏನು ತೋರಿಸಬೇಕು, ಯಾರನ್ನು ಕೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ಇವಕ್ಕೆ ಬೇಸ್ ಯುಆರ್‌ಎಲ್, ಎಪಿಐ ಕೀ, ಮಾಡೆಲ್ ಹೆಸರು ಎನ್ನುತ್ತಾರೆ (ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ಕೇಳುವ ದಾರಿ). ಈ ಮೂರೂ ಒಂದೇ ಮನೆಯವು, ಅಂದರೆ ಒಂದೇ ಕಂಪನಿಯವು, ಆಗಿರಬೇಕು. ಇಷ್ಟೇ ನನಗೆ ಹೇಳಬೇಕಾಗಿರುವುದು. ಆದರೆ ಇಷ್ಟು ಹೇಳಿದರೆ ಎಲ್ಲರೂ "ಹೌದು ಹೌದು, ಗೊತ್ತು" ಎನ್ನುತ್ತಾರೆ. ಆಮೇಲೆ ಕಂಪನಿ ಬದಲಾಯಿಸುವಾಗ ಹೋಗಿ ಕೀ ಒಂದನ್ನೇ ಬದಲಾಯಿಸುತ್ತಾರೆ.

ಅದಕ್ಕೆ ನಾನು ಮೆಜೆಸ್ಟಿಕ್ ಕಥೆ ಹೇಳುತ್ತೇನೆ. ಅಲ್ಲಿ ಎರಡು ಬಸ್ ನಿಲ್ದಾಣ ಇವೆ, ರಸ್ತೆಯ ಆಚೆಗೊಂದು ಈಚೆಗೊಂದು. ನಿಮ್ಮ ಜೇಬಲ್ಲಿ ಬಿಎಂಟಿಸಿ ಪಾಸ್ ಇದೆ. ನೀವು ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ಹೋಗಿ ಹಾಸನದ ಬಸ್ ಹತ್ತಿ ಪಾಸ್ ತೋರಿಸಿದರೆ ಕಂಡಕ್ಟರ್ ಏನೆನ್ನುತ್ತಾರೆ? ಪಾಸ್ ಸುಳ್ಳು ಎನ್ನುವುದಿಲ್ಲ. "ಇಲ್ಲಿ ನಡೆಯಲ್ಲ, ಇಳೀರಿ" ಎನ್ನುತ್ತಾರೆ. ಸರಿ, ರಸ್ತೆ ದಾಟಿ ಬಿಎಂಟಿಸಿ ನಿಲ್ದಾಣಕ್ಕೇ ಬಂದಿರಿ. ಪಾಸ್ ಸರಿ, ಜಾಗ ಸರಿ. ಅಲ್ಲಿ ನಿಂತು 500ಡಿಗೆ ಕಾಯುತ್ತೀರಿ. ಅದು ಹೆಬ್ಬಾಳದಿಂದ ರಿಂಗ್ ರೋಡ್ ಹಿಡಿದು ಸಿಲ್ಕ್ ಬೋರ್ಡ್‌ಗೆ ಹೋಗುವ ಬಸ್ಸು. ಮೆಜೆಸ್ಟಿಕ್‌ನಲ್ಲಿ ಸಂಜೆತನಕ ನಿಂತರೂ ಬರುವುದಿಲ್ಲ. ನಿಲ್ದಾಣ ಅಂದರೆ ಬೇಸ್ ಯುಆರ್‌ಎಲ್, ಪಾಸ್ ಅಂದರೆ ಕೀ, ಬಸ್ ನಂಬರ್ ಅಂದರೆ ಮಾಡೆಲ್ ಹೆಸರು. ಮೂರರಲ್ಲಿ ಯಾವುದು ತಪ್ಪಿದರೂ ಮನೆ ಸೇರುವುದಿಲ್ಲ.

ತಮಾಷೆ ಅಂದರೆ, ಯಾವುದು ತಪ್ಪಿದೆ ಅಂತ ಮಾಡೆಲ್ ಕಂಪನಿಯವರು ಹೇಳುತ್ತಲೇ ಇರುತ್ತಾರೆ. ನಾವು ಓದುವುದಿಲ್ಲ. ಫೋನ್ ಮಾಡಿದವರು "ಏನೋ ಕೆಂಪಗೆ ಬಂತು ಸರ್" ಎನ್ನುತ್ತಾರೆ. ಆ ಕೆಂಪು ಸಾಲಿನಲ್ಲಿ ಮೂರಂಕಿಯ ಒಂದು ನಂಬರ್ ಇರುತ್ತದೆ, ಅದನ್ನು ಓದಿ ಹೇಳಿ ಅಂದರೆ ಫೋನ್ ಅರ್ಧ ಮುಗಿದ ಹಾಗೆ. 401 ಬಂದರೆ ನಿಲ್ದಾಣದವರೆಗೆ ಹೋಗಿದ್ದೀರಿ, ಪಾಸ್ ಅಲ್ಲಿ ನಡೆಯುತ್ತಿಲ್ಲ. 404 ಬಂದರೆ ವಿಳಾಸದಲ್ಲಿ ತಪ್ಪಿದೆ, ಇಲ್ಲವೇ ಆ ಹೆಸರಿನ ಮಾಡೆಲ್ ಆ ಮನೆಯಲ್ಲಿಲ್ಲ. ವಿಳಾಸದ ತಪ್ಪಂತೂ ಹೆಚ್ಚಿನ ಸಲ ಬಾಲದಲ್ಲೇ ಇರುತ್ತದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ವಿಳಾಸ 'ವಿ1' ಅಂತ ಮುಗಿಯಬೇಕು. ಮುಂದಿನ 'ಚಾಟ್ ಕಂಪ್ಲೀಷನ್ಸ್' ಭಾಗವನ್ನು ಸಾಮಾನ್ಯವಾಗಿ ಟೂಲೇ (ಏಜೆಂಟ್ ಓಡಿಸುವ ಪ್ರೋಗ್ರಾಂ) ಸೇರಿಸಿಕೊಳ್ಳುತ್ತದೆ. ಜನ ಎಲ್ಲಿಂದಲೋ ಪೂರ್ತಿ ವಿಳಾಸ ಕಾಪಿ ಮಾಡಿ ಅಂಟಿಸುತ್ತಾರೆ. ಬಾಲ ಎರಡಾಗುತ್ತದೆ.

429 ಬೇರೆಯೇ ಜಾತಿ. ಅದಕ್ಕೆ ಒಂದು ಅರ್ಥ "ಜಾಸ್ತಿ ಸಲ ಕೇಳ್ತಿದ್ದೀರಿ, ಸ್ವಲ್ಪ ತಡೀರಿ" ಅಂತ. ಓಪನ್‌ಎಐ ಇದೇ ನಂಬರನ್ನು "ನಿಮ್ಮ ಖಾತೆಯಲ್ಲಿ ದುಡ್ಡಿಲ್ಲ" ಎನ್ನುವುದಕ್ಕೂ ಬಳಸುತ್ತದೆ. ದಾವಣಗೆರೆಯ ಆಡಿಟರ್ ಒಬ್ಬರು ಇದನ್ನು ನೋಡಿ ಎರಡು ದಿನ ಸುಮ್ನೆ ಕಾದಿದ್ದರು. ಜಿಎಸ್‌ಟಿ ರಿಟರ್ನ್ ಸಮಯ ಬೇರೆ. "ಸರ್ವರ್ ಬಿಜಿ ಇರಬೇಕು ತಮ್ಮಾ, ನಾವೇ ಯಾಕೆ ಅವಸರ ಮಾಡೋದು ಅಂತ ಬಿಟ್ಟೆ" ಎಂದರು. ಅಷ್ಟು ತಾಳ್ಮೆ ನನಗಿದ್ದರೆ ನಾನೂ ಆಡಿಟರ್ ಆಗುತ್ತಿದ್ದೆ. ಮೆಸೇಜಿನಲ್ಲಿ 'ಕೋಟಾ', 'ಬಿಲ್ಲಿಂಗ್' ಎಂಬ ಪದಗಳಿದ್ದರೆ ಕಾಯಬೇಡಿ, ದುಡ್ಡು ತುಂಬಿ.

ದುಡ್ಡಿನ ಮಾತು ಬಂದಾಗ ಅವರು ಹೇಳಿದ್ದು, ನಾನು ತುಂಬಾ ಜನರ ಬಾಯಲ್ಲಿ ಕೇಳಿದ್ದು: "ಚಾಟ್‌ಜಿಪಿಟಿ ಇದೆಯಲ್ಲ ನನ್ನ ಹತ್ರ!" ಇದೆ. ಆದರೆ ಅದು ಬೇರೆ. ಓಪನ್‌ಎಐ ಕಂಪನಿ 2025ರ ನವೆಂಬರ್‌ನಿಂದ ಭಾರತದಲ್ಲಿ ಚಾಟ್‌ಜಿಪಿಟಿ ಗೋ ಯೋಜನೆಯನ್ನು ಒಂದು ವರ್ಷ ಪುಕ್ಕಟೆ ಕೊಡಲು ಶುರು ಮಾಡಿತು. ಜಿಯೋ ಸಿಮ್ಮಿನ ಜೊತೆ ಗೂಗಲ್‌ನ ಜೆಮಿನೈ ಕೊಡುಗೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂತು. ಅವೆಲ್ಲ ಆ್ಯಪ್ ತೆರೆದು ನೀವೇ ಕೂತು ಮಾತಾಡುವುದಕ್ಕೆ. ನಿಮ್ಮ ಏಜೆಂಟ್ ಹಿಂಬಾಗಿಲಿನಿಂದ ಹೋಗಿ ಕೇಳುವುದಕ್ಕೆ ಎಪಿಐ ಖಾತೆ ಬೇಕು. ಅದರ ಲೆಕ್ಕ ಬೇರೆ, ಬಿಲ್ ಬೇರೆ. ಊಟದ ಕೂಪನ್ ಇದೆ ಅಂತ ಅಡುಗೆಮನೆಗೆ ನುಗ್ಗಿದರೆ ಬಿಡುತ್ತಾರಾ? ಕೆಲವು ಕಂಪನಿಗಳು ತಮ್ಮದೇ ಕೋಡಿಂಗ್ ಏಜೆಂಟ್‌ಗೆ ಚಂದಾದ ಲಾಗಿನ್ ಒಪ್ಪುತ್ತವೆ, ನಿಜ. ಬೇರೆಯವರ ಟೂಲ್‌ಗೆ ಅದು ನಡೆಯುತ್ತದೆ ಅಂತ ಲೆಕ್ಕ ಹಾಕಿ ಕೂರಬೇಡಿ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ಕಂಪನಿಯ ಬೆಲೆಪಟ್ಟಿಯನ್ನು ನೀವೇ ಒಮ್ಮೆ ಓದಿ.

ಕೀ ನೋಡಿ ಮನೆ ಗುರುತು ಹಿಡಿಯಬಹುದಾ ಅಂತ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ. ಓಪನ್‌ಎಐ ಕೀ 'ಎಸ್‌ಕೆ' ಅಂತ ಶುರುವಾಗುತ್ತದೆ. ಕ್ಲಾಡ್ ಮಾಡುವ ಆಂತ್ರೋಪಿಕ್‌ದೂ ಹಾಗೇ, ಮುಂದೆ 'ಆಂಟ್' ಇರುತ್ತದೆ. ಹಲವು ಕಂಪನಿಗಳ ಮಾಡೆಲ್‌ಗಳನ್ನು ಒಂದೇ ಕಡೆ ಒದಗಿಸುವ ಓಪನ್‌ರೌಟರ್‌ದು 'ಎಸ್‌ಕೆ', ಆಮೇಲೆ 'ಓಆರ್'. ಚೀನಾದ ಡೀಪ್‌ಸೀಕ್ ಕೂಡ 'ಎಸ್‌ಕೆ'. ಹಾಗಾಗಿ ಮೊದಲೆರಡು ಅಕ್ಷರ ನೋಡಿ "ಇದು ಓಪನ್‌ಎಐದೇ" ಅಂತ ಹೇಳುವವರ ಮಾತು ನಂಬಬೇಡಿ.

ಇನ್ನು ಗ್ರಾಕ್. ಕನ್ನಡಿಗರಿಗೆಂದೇ ತೋಡಿದ ಗುಂಡಿ ಇದು. ಕನ್ನಡದಲ್ಲಿ ಬರೆದರೆ, ಫೋನಿನಲ್ಲಿ ಹೇಳಿದರೆ, ಎರಡೂ ಗ್ರಾಕ್. ಇಂಗ್ಲಿಷ್‌ನಲ್ಲಿ ಒಂದರ ಕೊನೆಗೆ ಕ್ಯೂ, ಇನ್ನೊಂದರ ಕೊನೆಗೆ ಕೆ. ಕ್ಯೂ ಇರುವುದು ಚಿಪ್ ಮಾಡುವ ಕಂಪನಿ, ತನ್ನ ಚಿಪ್‌ಗಳ ಮೇಲೆ ಮೆಟಾ ಕಂಪನಿಯ ಲಾಮಾದಂಥ ಬೇರೆಯವರ ಓಪನ್ ಮಾಡೆಲ್‌ಗಳನ್ನು ಬಲು ವೇಗವಾಗಿ ಓಡಿಸುತ್ತದೆ. ಕೆ ಇರುವುದು ಇಲಾನ್ ಮಸ್ಕ್ ಅವರ ಎಕ್ಸ್‌ಎಐ ಕಂಪನಿಯ ಮಾಡೆಲ್. ಸಾಗರದ ಅಡಿಕೆ ಮಂಡಿಯೊಂದರವರು ಒಂದರ ಕೀ ತಗೊಂಡು ಇನ್ನೊಂದರ ವಿಳಾಸಕ್ಕೆ ಹಾಕಿದ್ದರು. ನಾನು ಫೋನಿನಲ್ಲಿ "ಗ್ರಾಕ್ ಅಲ್ಲ, ಗ್ರಾಕ್" ಎಂದೆ. ಅವರು ಅರೆಗಳಿಗೆ ಸುಮ್ಮನಿದ್ದು, "ಎಂತ ಮಾರಾಯ್ರೆ, ನಿಮಗೆ ಹುಷಾರಿದೆಯಾ?" ಎಂದರು.

ಮಾಡೆಲ್ ಹೆಸರಿನಲ್ಲಿ ಇನ್ನೊಂದು ಕಿರಿಕಿರಿ. ಒಂದೇ ಮಾಡೆಲ್‌ಗೆ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು, ನಮ್ಮಲ್ಲಿ ಮನೆಹೆಸರು, ಶಾಲೆಹೆಸರು ಇದ್ದ ಹಾಗೆ. ಓಪನ್‌ರೌಟರ್‌ನಲ್ಲಿ ಮೊದಲು ಕಂಪನಿಯ ಹೆಸರು, ಆಮೇಲೆ ಒಂದು ಓರೆಗೀಟು, ಆಮೇಲೆ ಮಾಡೆಲ್ ಹೆಸರು. ನೇರವಾಗಿ ಕಂಪನಿಯಿಂದಲೇ ತಗೊಂಡರೆ ಕಂಪನಿ ಹೆಸರು ಹಾಕಬಾರದು. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಂತೂ ನೀವು ಮಾಡೆಲನ್ನು ಡಿಪ್ಲಾಯ್ ಮಾಡುವಾಗ, ಅಂದರೆ ಬಳಕೆಗೆ ಕೂರಿಸುವಾಗ, ಏನು ಹೆಸರಿಟ್ಟಿರೋ ಅದನ್ನೇ ಕೊಡಬೇಕು. ಒಂದು ಆಫೀಸಿನಲ್ಲಿ ಕೆಲಸ ಬಿಟ್ಟು ಹೋದ ಹುಡುಗ ಅದಕ್ಕೆ 'ಟೆಸ್ಟ್2' ಅಂತ ಹೆಸರಿಟ್ಟಿದ್ದ. ಉಳಿದವರೆಲ್ಲ ಮಾಡೆಲ್‌ನ ಅಸಲಿ ಹೆಸರಾದ ಜಿಪಿಟಿ-4ಒ ಅಂತ ಹಾಕಿ ಹಾಕಿ 404 ನೋಡುತ್ತಿದ್ದರು.

ಮೂರೂ ಸರಿ ಮಾಡಿದ ಮೇಲೂ ಕೆಲವೊಮ್ಮೆ ಹಳೇ ಕೀಯೇ ಹೋಗುತ್ತಿರುತ್ತದೆ. ಮೊದಲು ಯಾರೋ ಟರ್ಮಿನಲ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯೇಬಲ್ (ಪ್ರೋಗ್ರಾಂಗಳು ಓದಿಕೊಳ್ಳಲಿ ಅಂತ ಕಂಪ್ಯೂಟರ್‌ನಲ್ಲಿ ಇಡುವ ಸೆಟ್ಟಿಂಗ್) ಇಟ್ಟು ಮರೆತಿರುತ್ತಾರೆ. ಎಷ್ಟೋ ಟೂಲ್‌ಗಳು ಫೈಲಿನಲ್ಲಿ ನೀವು ಬರೆದದ್ದಕ್ಕಿಂತ ಅದಕ್ಕೇ ಹೆಚ್ಚು ಮರ್ಯಾದೆ ಕೊಡುತ್ತವೆ. ಇದನ್ನು ಒಮ್ಮೆ ನೋಡಿ, ಟೂಲ್ ಮುಚ್ಚಿ ತೆರೆಯಿರಿ.

ಈಗ 'ಓಪನ್‌ಎಐ ಕಂಪ್ಯಾಟಿಬಲ್' ಎಂಬ ಮಾತು. ಬಹಳಷ್ಟು ಕಂಪನಿಗಳು ಈ ಮುದ್ರೆ ಒತ್ತಿಕೊಂಡಿವೆ. ಇದರ ಅರ್ಥ ಅರ್ಜಿಯ ನಮೂನೆ ಒಂದೇ ಅಂತ ಮಾತ್ರ. ಅರ್ಜಿ ತಗೊಂಡವರು ಮಾಡುವ ಕೆಲಸ ಒಂದೇ ಅಂತಲ್ಲ. ಆಂತ್ರೋಪಿಕ್‌ನ ಸ್ವಂತ ಎಪಿಐ ನೋಡಿ. ಅಲ್ಲಿ ಮುಖ್ಯ ಸೂಚನೆಯನ್ನು ಮಾತುಕತೆಯ ಜೊತೆ ಸೇರಿಸದೆ ಬೇರೆಯಾಗಿ ಕೊಡಬೇಕು. ಉತ್ತರ ಎಷ್ಟು ಟೋಕನ್ (ಮಾಡೆಲ್ ಎಣಿಸುವ ಪದದ ಚೂರು) ಮೀರಬಾರದು ಅಂತ ಹೇಳಲೇಬೇಕು. ಕೀ ಕಳಿಸುವ ರೀತಿಯೂ ಬೇರೆ, ಜೊತೆಗೆ 2023-06-01 ಎಂಬ ಆವೃತ್ತಿಯ ತಾರೀಕು ಬೇರೆ ಹೋಗಬೇಕು. ಇದನ್ನೆಲ್ಲ ನೀವು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಟೂಲ್‌ನಲ್ಲಿ ಪ್ರೊವೈಡರ್ (ಮಾಡೆಲ್ ಕೊಡುವ ಕಂಪನಿ) ಯಾರು ಅಂತ ಆರಿಸುವ ಜಾಗದಲ್ಲಿ ಸರಿಯಾದ ಹೆಸರು ಆರಿಸಿದರೆ ಅದೇ ನೋಡಿಕೊಳ್ಳುತ್ತದೆ. ಆದರೆ ಎಲ್ಲದಕ್ಕೂ 'ಕಂಪ್ಯಾಟಿಬಲ್' ಅಂತ ಒತ್ತಿಬಿಟ್ಟರೆ ಟೂಲ್ ತಾನೇ ಏನು ಮಾಡೀತು?

ಕೊನೆಗೆ ಸ್ವಂತ ಕಂಪ್ಯೂಟರ್‌ನಲ್ಲೇ ಮಾಡೆಲ್ ಓಡಿಸುವವರು. ಇವರ ಮೇಲೆ ನನಗೆ ಪ್ರೀತಿ ಜಾಸ್ತಿ, ಇವರಿಂದ ತಲೆನೋವೂ ಜಾಸ್ತಿ. "ಗಿರಾಕಿಗಳ ಲೆಕ್ಕ ಹೊರಗೆ ಹೋಗಬಾರದು" ಎನ್ನುವ ಅವರ ಮಾತು ನ್ಯಾಯವಾದದ್ದೇ. ಮಾಡೆಲ್ ಓಡಿಸಲು ಒಲ್ಲಾಮಾ ಎಂಬ ಪ್ರೋಗ್ರಾಂ ಹಾಕುತ್ತಾರೆ. ಅದು 11434 ಎಂಬ ಪೋರ್ಟ್‌ನಲ್ಲಿ (ಕಂಪ್ಯೂಟರ್‌ನ ಬಾಗಿಲಿನ ನಂಬರ್ ಇದ್ದ ಹಾಗೆ) ಕೂತಿರುತ್ತದೆ. ಕೀ ಬೇಕಿಲ್ಲ, ಟೂಲ್ ಹಟ ಹಿಡಿದರೆ ಬಾಯಿಗೆ ಬಂದ ಪದ ಹಾಕಿ. ಇಲ್ಲಿ ತಪ್ಪುವುದು ವಿಳಾಸ. ಏಜೆಂಟ್ ಡಾಕರ್ ಒಳಗಿರುತ್ತದೆ (ಪ್ರೋಗ್ರಾಂಗಳನ್ನು ಬೇರೆಯಾಗಿ ಇಟ್ಟು ಓಡಿಸುವ ಡಬ್ಬಿ), ಒಲ್ಲಾಮಾ ಹೊರಗಿರುತ್ತದೆ, ವಿಳಾಸದಲ್ಲಿ 'ಲೋಕಲ್‌ಹೋಸ್ಟ್' ಅಂತ ಬರೆದಿರುತ್ತಾರೆ. ಲೋಕಲ್‌ಹೋಸ್ಟ್ ಅಂದರೆ 'ನಮ್ಮನೆ'. ಪಕ್ಕದ ಮನೆಯವರು 'ನಮ್ಮನೆ' ಅಂದರೆ ನಿಮ್ಮ ಮನೆ ಆಗುತ್ತದಾ? ಡಾಕರ್ ಒಳಗಿನವನಿಗೆ ಆ ಡಬ್ಬಿಯೇ ಅವನ ಮನೆ. ಅಲ್ಲಿ ಹುಡುಕುತ್ತಾನೆ, ಯಾರೂ ಇಲ್ಲ ಎನ್ನುತ್ತಾನೆ. ಹೊರಗಿನ ಕಂಪ್ಯೂಟರ್ ಎನ್ನಲು 'ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್' ಅಂತ ಬೇರೆ ಹೆಸರಿದೆ. ಲಿನಕ್ಸ್‌ನಲ್ಲಿ ಅದನ್ನು ನೀವೇ ಒಂದು ಸಾಲು ಬರೆದು ಸೇರಿಸಬೇಕಾಗಬಹುದು.

ವಿಳಾಸ ಸರಿಯಾಯಿತು, ಮಾಡೆಲ್ ಮಾತಾಡಿತು. ಎರಡು ದಿನ ಬಿಟ್ಟು ಮತ್ತೆ ಫೋನ್: "ಸರ್, ಇದಕ್ಕೆ ಮರೆವು. ಓದಿದ ಫೈಲನ್ನೇ ಮತ್ತೆ ಮತ್ತೆ ಓದ್ತಿದೆ."

ಮರೆವಲ್ಲ, ಜಾಗ ಸಾಲದು. ಒಲ್ಲಾಮಾ ಮಾಡೆಲ್‌ಗೆ ಕೊಡುವ ನೆನಪಿನ ಜಾಗ ಬಹಳ ಕಾಲ 2048 ಟೋಕನ್ ಇತ್ತು, ಆಮೇಲೆ 4096 ಆಯಿತು. ಆವೃತ್ತಿಯಿಂದ ಆವೃತ್ತಿಗೆ ಇದು ಬದಲಾಗುತ್ತಿದೆ, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಸುಮ್ಮನೆ ಹರಟೆಗೆ ಅಷ್ಟು ಸಾಕು. ಏಜೆಂಟ್‌ಗೆ ಸಾಲುವುದಿಲ್ಲ. ಅದು ತನ್ನ ಸೂಚನೆ, ತನಗಿರುವ ಉಪಕರಣಗಳ (ಫೈಲ್ ಓದುವುದು, ಎಕ್ಸೆಲ್ ತುಂಬುವುದು ಇಂಥವಕ್ಕೆ) ಪಟ್ಟಿ, ಓದಿದ ಫೈಲು ಎಲ್ಲವನ್ನೂ ಹೊತ್ತುಕೊಂಡೇ ಪ್ರತಿಸಲ ಹೋಗುತ್ತದೆ. ಜಾಗ ತುಂಬಿದರೆ ಹಳೆಯದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಎರರ್ ಬರುವುದಿಲ್ಲ, ಅದೇ ತೊಂದರೆ. ಇನ್ನೊಂದು ಸಿಕ್ಕು: ಒಲ್ಲಾಮಾವನ್ನು ಓಪನ್‌ಎಐ ನಮೂನೆಯಲ್ಲಿ ಜೋಡಿಸಿದರೆ ಈ ಜಾಗ ಎಷ್ಟಿರಬೇಕು ಅಂತ ಅರ್ಜಿಯಲ್ಲಿ ಹೇಳುವುದಕ್ಕೆ ಕಾಲಮ್ಮೇ ಇಲ್ಲ. ಒಲ್ಲಾಮಾ ಕಡೆಯಲ್ಲೇ ಹೆಚ್ಚಿಸಿಡಬೇಕು. ಎಷ್ಟಕ್ಕೆ ಏರಿಸಬಹುದು ಎನ್ನುವುದು ನಿಮ್ಮ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಮೇಲೆ ನಿಂತಿದೆ, ಫೋನಿನಲ್ಲಿ ನಾನು ಹೇಳಲಾರೆ.

ಕನ್ನಡದಲ್ಲಿ ಕೆಲಸ ಮಾಡಿಸುವವರಿಗೆ ಇದು ಇನ್ನೂ ಬೇಗ ತಟ್ಟುತ್ತದೆ. ಇಂಗ್ಲಿಷ್ ಅಕ್ಷರ ಕಂಪ್ಯೂಟರ್‌ನಲ್ಲಿ ಒಂದು ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. 'ಕ್ಷ' ನಮಗೆ ಒಂದಕ್ಷರ, ಅದಕ್ಕೆ ಕ, ವಿರಾಮ, ಷ ಅಂತ ಮೂರು ಚಿಹ್ನೆ, ಒಂಬತ್ತು ಬೈಟ್. ಮಾಡೆಲ್‌ನ ಟೋಕನ್ ಪಟ್ಟಿಯಲ್ಲಿ ಕನ್ನಡ ಚೆನ್ನಾಗಿ ಸೇರಿಲ್ಲದಿದ್ದರೆ ಒಂದು ಪದವೇ ಹತ್ತಾರು ಚೂರಾಗುತ್ತದೆ. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ ಓಪನ್‌ಎಐ ಒಂದು ಪಟ್ಟಿ ಹಾಕಿತ್ತು. ತೆಲುಗು ವಾಕ್ಯಕ್ಕೆ ಟೋಕನ್ 3.5 ಪಟ್ಟು ಕಡಿಮೆಯಾಗಿದೆ, ತಮಿಳಿಗೆ 3.3 ಪಟ್ಟು ಅಂತ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಅಂತ ನನಗೆ ಇವತ್ತಿಗೂ ಸಣ್ಣ ಬೇಜಾರಿದೆ, ಇರಲಿ. ಹಾಗಾಗಿ ಇಂಗ್ಲಿಷ್ ಪ್ರಯೋಗ ನೋಡಿ "ಇಷ್ಟು ಜಾಗ ಸಾಕು, ಇಷ್ಟು ಬಿಲ್ ಬರುತ್ತದೆ" ಅಂತ ಅಂದಾಜು ಕಟ್ಟಬೇಡಿ. ನಿಮ್ಮದೇ ನಾಲ್ಕು ಕನ್ನಡ ಕಾಗದ ಹಾಕಿ ನೋಡಿ. ಪ್ರೊವೈಡರ್ ಬದಲಾಯಿಸಿದಾಗ ಮತ್ತೆ ಹಾಕಿ ನೋಡಿ. ಅದೇ ಕಾಗದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಎಣಿಕೆ.

ಸಣ್ಣ ಮಾಡೆಲ್‌ಗಳ ಇನ್ನೊಂದು ಚಾಳಿ: "ಈಗ ಫೈಲ್ ಓದುತ್ತೇನೆ" ಅಂತ ಬರೆಯುತ್ತವೆ, ಓದುವುದಿಲ್ಲ. ಉಪಕರಣ ಬಳಸಲು ಕಲಿತ ಮಾಡೆಲ್ ಅಲ್ಲದಿದ್ದರೆ ಹೀಗಾಗುತ್ತದೆ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ, ಮಾಡೆಲ್ ಬದಲಾಯಿಸಬೇಕು.

ದಾವಣಗೆರೆಯ ಆಡಿಟರ್ ಕಳೆದ ವಾರ ಮತ್ತೆ ಫೋನ್ ಮಾಡಿದ್ದರು. ಈ ಸಲ ಮೂರೂ ಬದಲಾಯಿಸಿದ್ದರು, ನಾನೇ ಓದಿಸಿ ಕೇಳಿದೆ. ಆದರೂ 401. ಯಾಕೆ ಅಂತ ನೋಡಿದರೆ ಮಗ ವಾಟ್ಸ್‌ಆ್ಯಪ್‌ನಲ್ಲಿ ಕೀ ಕಳಿಸಿದ್ದ. ಅಲ್ಲಿಂದ ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗವೂ ಸೇರಿಕೊಂಡು ಬಂದಿತ್ತು. ಅಳಿಸಿದರು, ನಡೆಯಿತು. ನಾನು ಹೇಳಿದೆ, ಸರ್, ಕೀ ಅಂದರೆ ದುಡ್ಡು ಇದ್ದ ಹಾಗೆ, ಯಾರ ಕೈಗೆ ಸಿಕ್ಕರೂ ನಿಮ್ಮ ಖಾತೆಯಿಂದ ಖರ್ಚು ಮಾಡಬಹುದು, ಹೀಗೆ ಮೆಸೇಜಿನಲ್ಲಿ ಕಳಿಸಬೇಡಿ. ಈ ಕೀ ರದ್ದು ಮಾಡಿ, ಹೊಸದು ಮಾಡಿಕೊಳ್ಳಿ, ತಿಂಗಳಿಗೆ ಇಷ್ಟೇ ಖರ್ಚು ಅಂತ ಮಿತಿಯನ್ನೂ ಹಾಕಿ. ಅವರು ಶ್ರದ್ಧೆಯಿಂದ "ಹೂಂ, ಹೂಂ" ಎಂದು ಬರೆದುಕೊಂಡರು.

ಹತ್ತು ನಿಮಿಷಕ್ಕೆ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಫೋಟೋ ಬಂತು. ಹೊಸ ಕೀ. ಕೆಳಗೆ ಬರೆದಿದ್ದರು: "ಸರಿ ಇದೆಯಾ ನೋಡು ತಮ್ಮಾ."