ಚೀನಾದ ಜಾಡಿಗಳಲ್ಲಿ ನೀಲಿಯದೇ ದರ್ಬಾರು ಏಕೆ?

ಓದುಗರ ಪ್ರಶ್ನೆ: ಚೀನಾದ ಹಳೆಯ ಪಿಂಗಾಣಿ ಜಾಡಿ ಎಂದೊಡನೆ ಬಿಳಿಯ ಮೇಲೆ ನೀಲಿ ಚಿತ್ತಾರವೇ ನೆನಪಾಗುತ್ತದೆ. ಅಲ್ಲಿಯವರಿಗೆ ಬೇರೆ ಬಣ್ಣ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಒಪ್ಪದೇ ಇದ್ದದ್ದು ಬೆಂಕಿ. ಪಿಂಗಾಣಿ ಗಟ್ಟಿಯಾಗಲು ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಉರಿಯಲ್ಲಿ ಹೆಚ್ಚಿನ ಬಣ್ಣಗಳು ಕೆಟ್ಟುಹೋಗುತ್ತವೆ, ನೀಲಿ ಕೊಡುವ ಕೋಬಾಲ್ಟ್ ಎಂಬ ಲೋಹ ತಾಳಿಕೊಳ್ಳುತ್ತದೆ. ತಾಮ್ರದಿಂದ ಕೆಂಪು ಬರುತ್ತದೆ, ನಿಜ. ಆದರೆ ಅದು ಮಹಾ ಹಟಮಾರಿ: ಆವಿಗೆಯೊಳಗಿನ ಗಾಳಿ ತುಸು ಏರುಪೇರಾದರೂ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಮಾಯವಾಗುತ್ತದೆ.

ಜಿಂಗ್‌ಡೆಜೆನ್ ಊರಿನ ಚಿತ್ರಗಾರ ಕುಂಚ ಹಿಡಿಯುತ್ತಿದ್ದುದು ಇನ್ನೂ ಸುಡದ ಹಸಿ ಜಾಡಿಯ ಮೇಲೆ. ಒಣಗಿದ ಮಣ್ಣು ಕುಂಚದ ನೀರನ್ನು ಮುಟ್ಟಿದೊಡನೆ ಹೀರುತ್ತದೆ; ಕೈ ತಡೆದರೆ ಅಲ್ಲೊಂದು ಮಚ್ಚೆ. ಆಗ ಕೋಬಾಲ್ಟ್ ಮಸಿಯಂತೆ ಕಾಣುತ್ತದೆ, ನೀಲಿಯ ಸುಳಿವೇ ಇಲ್ಲ. ಅದರ ಮೇಲೆ ಗಾಜಿನಂಥ ಮೆರುಗಿನ ಲೇಪ ಕೊಟ್ಟು ಸುಟ್ಟ ಮೇಲಷ್ಟೇ ನೀಲಿ ಹೊರಬೀಳುತ್ತದೆ.

14ನೆಯ ಶತಮಾನದಲ್ಲಿ, ಯುವಾನ್ ಅರಸರ ಕಾಲಕ್ಕೆ, ಒಳ್ಳೆಯ ಕೋಬಾಲ್ಟ್ ಪರ್ಷಿಯಾದ ಕಡೆಯಿಂದ ಬರುತ್ತಿತ್ತು. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು; ದಪ್ಪಗೆ ಬಿದ್ದ ಕಡೆ ಗೆರೆ ಕಪ್ಪುಗಟ್ಟುತ್ತಿತ್ತು. ತಮಾಷೆಯೆಂದರೆ, 18ನೆಯ ಶತಮಾನದ ಕುಶಲಕರ್ಮಿಗಳು ಹಳೆಯದರ ಮೇಲಿನ ಮೋಹದಿಂದ ಈ ಕಲೆಗಳನ್ನೂ ಬೇಕೆಂದೇ ಚುಕ್ಕೆ ಇಟ್ಟು ನಕಲು ಮಾಡಿದರು! ಆ ಯುವಾನ್ ಜಾಡಿಗಳ ಬೆಲೆ ಕೇಳಬೇಡಿ. ಗುಯಿಗುಜಿ ಎಂಬ ಯುದ್ಧತಂತ್ರ ನಿಪುಣ ಬೆಟ್ಟದಿಂದ ಇಳಿದು ಬರುವ ಚಿತ್ರವಿರುವ ಒಂದು ಜಾಡಿ 2005ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದೂವರೆ ಕೋಟಿ ಪೌಂಡಿಗೂ ಹೆಚ್ಚಿಗೆ ಹೋಯಿತು.

ಹಾಗಾದರೆ ಕೆಂಪು, ಹಳದಿ, ಹಸಿರು? ಅವನ್ನು ಸುಟ್ಟ ಜಾಡಿಯ ಮೆರುಗಿನ ಮೇಲೆ ಬಳಿದು, ಕಡಿಮೆ ಉರಿಯಲ್ಲಿ ಮತ್ತೆ ಸುಡುತ್ತಿದ್ದರು. ಮಿಂಗ್ ದೊರೆ ಜಿಯಾಜಿಂಗ್‌ನ ಕಾಲದ (1522–1566) ಮೀನಿನ ಜಾಡಿಗಳು ನನಗೆ ಬಲು ಇಷ್ಟ. ಅವುಗಳಲ್ಲಿ ಈಜುವ ಮೀನುಗಳ ಕಿತ್ತಳೆ ಬಣ್ಣ ಹಳದಿಯ ಮೇಲೆ ಕೆಂಪು ಬಳಿದು ತಂದದ್ದು. ನೀರಿನ ಗಿಡಗಳಿಗೆ ಹಸಿರಿನ ಜೊತೆ ನೀಲಿಯೂ ಇದೆ. ಅಂದರೆ ನೀಲಿಯನ್ನು ಮೊದಲೇ ಬರೆದು, ಉಳಿದದ್ದಕ್ಕೆ ಜಾಗ ಬಿಟ್ಟು ಸುಡಬೇಕು. ಖರ್ಚೂ ಹೆಚ್ಚು, ಒಡೆಯುವ ಭಯವೂ ಹೆಚ್ಚು.

ಮೇಲೆ ಕೂತ ಬಣ್ಣ ಬಳಕೆಯಲ್ಲಿ ಸವೆಯುತ್ತದೆ. ಮೆರುಗಿನ ಅಡಿ ಸೇರಿದ ನೀಲಿಗೆ ಆ ಕಾಟವಿಲ್ಲ. ನಮ್ಮ ಹಂಪಿಯ ಉತ್ಖನನಗಳಲ್ಲೂ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅಂಥ ಹಳೆಯ ಚೂರನ್ನು ತೊಳೆದರೆ ಸಾಕು, ನೀಲಿ ಅಲ್ಲೇ ಇರುತ್ತದೆ.